ಗೆರೆಯಾಚೆಯ ಆಟ

ಬ್ಯಾಸ್ಕೆಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಆರು ನಿಮಿಷ ಕಳೆದಿದ್ದರೂ ಕೋಚ್ ವರ್ಲಿನ್ ಸ್ಟಾಫರ್ ಬಾಯಿ ಬಿಟ್ಟಿರಲಿಲ್ಲ. ಡ್ರೆಸಿಂಗ್ ರೂಮಿನ ಈ ಗೋಡೆಯಿಂದ ಆ ಗೋಡೆಗೆ ಶತಪಥ ಹಾಕುತ್ತಿದ್ದ. ಆಟಗಾರರು ಬೆವರು ಒರೆಸಿಕೊಳ್ಳುತ್ತ ಅವನ ಬೂಟುಗಳನ್ನೇ ನೋಡುತ್ತಿದ್ದರು. ಎದುರಾಳಿಗಳದು ನಲವತ್ತೊಂದು ಅಂಕ, ಇವರದು ಇಪ್ಪತ್ತೇಳು. ಸೋತರೆ ಅಮೆರಿಕದ ಇಂಡಿಯಾನಾದ ಆ ಪುಟ್ಟ ಕಾಲೇಜಿಗೆ ಈ ವರ್ಷದ ಆಟ ಮುಗಿದಂತೆ.

"ಅವರು ಮೂರು ಮೂರು ಹೊಡೀತಿದಾರೆ, ನಾವು ಎರಡೆರಡು," ಅಂದಳು ಸಹಾಯಕ ಕೋಚ್ ರೆನೆ. "ಇನ್ನೆಷ್ಟು ಸಲ ಹೇಳ್ಲಿ ನಿಮಗೆ?"

ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಮೂರು ಅಂಕದ ಗೆರೆ ಬಂದ ವರ್ಷ ವರ್ಲಿನ್ ಹೊಸ ಕೋಚ್. ಆ ಗೆರೆಯಾಚೆಯಿಂದ ಚೆಂಡು ಹಾಕಿದರೆ ಎರಡರ ಬದಲು ಮೂರು ಅಂಕ. ದೂರದಿಂದ ಎಸೆಯುವುದು ಸರ್ಕಸ್ಸಿನವರ ಕೆಲಸ ಎಂದು ನಕ್ಕಿದ್ದ. ಅವನದು ತಾಳ್ಮೆಯ ಆಟ. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ, ರಿಂಗಿಗೆ ಬೆನ್ನು ಕೊಟ್ಟು ನಿಂತ ಎತ್ತರದವನಿಗೆ ಮುಟ್ಟಿಸಬೇಕು. ಅವನು ತಿರುಗಿ ಹಾಕಬೇಕು. ಆ ಜಾಗಕ್ಕೆಂದೇ ಆರಡಿ ಹತ್ತಿಂಚಿನ ಕೋಲ್ಬಿ ರೂಡನ್‌ನನ್ನು ಹುಡುಕಿ ತಂದಿದ್ದ. ಕೋಲ್ಬಿಯ ಮನೆಯಲ್ಲಿ ಅವನ ತಾಯಿ ಬಡಿಸಿದ ಕೋಳಿ ನೂಡಲ್ಸ್ ತಿನ್ನುತ್ತ, ಚೆಂಡು ಮೊದಲು ನಿಮ್ಮ ಮಗನ ಕೈಗೇ ಹೋಗುತ್ತದೆ ಎಂದು ಮಾತು ಕೊಟ್ಟಿದ್ದ. ಇವತ್ತು ಎದುರಾಳಿಗಳ ಐವರೂ ಗೆರೆಯಾಚೆಯಿಂದಲೇ ಹೊಡೆಯುತ್ತಿದ್ದರು. ಕೋಲ್ಬಿ ಏದುಸಿರು ಬಿಡುತ್ತ ತಡೆಯಲು ಓಡುವಷ್ಟರಲ್ಲಿ ಚೆಂಡು ಗಾಳಿಯಲ್ಲಿರುತ್ತಿತ್ತು.

ವರ್ಲಿನ್ ನಿಂತ. "ಕೋಲ್ಬಿ, ನೀನು ಬೆಂಚಲ್ಲಿ ಕೂತ್ಕೋ. ಮಿಕ್ಕವರು ಹೊರಗಿನಿಂದ ಹೊಡೀರಿ."

"ಎಷ್ಟು ಹೊತ್ತು, ಕೋಚ್?"

"ಗೊತ್ತಿಲ್ಲ."

"ಅಮ್ಮ ಬಂದಿದಾಳೆ. ಮೂರನೇ ಸಾಲಲ್ಲಿ."

"ನೋಡ್ದೆ ಕಣೋ."

ಯಾರೂ ತಲೆಯೆತ್ತಲಿಲ್ಲ.

ಆಟ ಮತ್ತೆ ಶುರುವಾದಾಗ ಮೊದಲೆರಡು ಎಸೆತ ತಪ್ಪಿದವು. ಮೂರನೆಯದು ಬಿತ್ತು, ನಾಲ್ಕನೆಯದೂ ಬಿತ್ತು. ಹನ್ನೆರಡೇ ನಿಮಿಷದಲ್ಲಿ ಸಮಸಮ. ವರ್ಲಿನ್‌ಗೆ ಕೂರಲೂ ಆಗಲಿಲ್ಲ, ನಿಂತು ಮಾಡುವುದಕ್ಕೂ ಏನಿರಲಿಲ್ಲ. ಪ್ರತಿ ಪಾಸಿಗೂ ತನ್ನ ಸನ್ನೆಗಾಗಿ ಕಾಯುತ್ತಿದ್ದ ಹುಡುಗರು ಈಗ ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮೂರನೇ ಸಾಲಿನ ಹೆಂಗಸಿನ ದೃಷ್ಟಿ ಆಟದ ಮೇಲಿರಲಿಲ್ಲ, ಬೆಂಚಿನ ಮೇಲಿತ್ತು.

ಕೊನೆಗೆ ಎರಡು ಅಂಕದಿಂದ ಸೋತರು. ರೆನೆಯ ಮುಖದಲ್ಲಿ ಸೋತ ಕಳೆಯೇ ಇರಲಿಲ್ಲ. "ಮೊದಲಿಂದಲೇ ಹೀಗೆ ಆಡಿದ್ರೆ?" ಅಂದಳು.

ಬಸ್ಸಿನಲ್ಲಿ ಮುಂದಿನ ಸೀಟು ಕೋಚ್‌ನದು. ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಕೋಲ್ಬಿ ಬಂದು ಅಲ್ಲೇ ಕೂತ.

"ಕಾಲೇಜಲ್ಲಿ ನಂಗಿನ್ನೂ ಒಂದು ವರ್ಷ ಇದೆ," ಅಂದ ಕೋಲ್ಬಿ. "ಸೋಮವಾರದಿಂದ ಬೆಳಿಗ್ಗೆ ಆರಕ್ಕೆ ಜಿಮ್ ತೆಗೀತೀರಾ? ದೂರದಿಂದ ಹೊಡೆಯೋದು ಕಲೀಬೇಕು."

"ಅದನ್ನ ಕಲ್ಸೋಕೆ ನಂಗೆ ಬರಲ್ಲ ಕಣೋ. ರೆನೆನ ಕೇಳು."

"ಕೇಳಿದೀನಿ. ಚೆಂಡು ಹೆಕ್ಕಿ ಕೊಡೋಕೂ ಒಬ್ಬರು ಬೇಕಂತೆ."

"ಐದೂವರೆಗೆ ಬಾ," ಅಂದ ವರ್ಲಿನ್.

ಬಸ್ಸು ಹೊರಟಿತು. ಕೋಲ್ಬಿಯ ಮೊಣಕಾಲುಗಳು ಆ ಸೀಟಿನಲ್ಲಿ ಹಿಡಿಸಲಿಲ್ಲ. ವರ್ಲಿನ್ ತನ್ನ ಚೀಲವನ್ನು ತೊಡೆಗೇರಿಸಿಕೊಂಡು ಕಿಟಕಿಗೆ ಒತ್ತಿಕೊಂಡ.