ನಿಲ್ಲದ ತುದಿ

ನಾನು ಯಾರನ್ನೂ ಕೊಲ್ಲಲು ಹುಟ್ಟಿದ ಕತ್ತಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಕಂಡವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನು ತೈ ಚಿ ಎಂಬ ಚೀನೀ ಕಸರತ್ತಿನ ಅಭ್ಯಾಸದ ಕತ್ತಿ. ಚೀನಾದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಕಾಯಿಸಿ, ಬಡಿದು, ತೆಳ್ಳಗೆ ನೇರವಾಗಿ ಮಾಡಿದರು. ಅಂಚನ್ನು ಮಾತ್ರ ಮಸೆಯದೆ ಮೊಂಡಾಗಿಯೇ ಬಿಟ್ಟರು. ಹಿಡಿಗೆ ಕೆಂಪು ರೇಷ್ಮೆಯ ಕುಚ್ಚು ಕಟ್ಟಿದರು. ಮೊಂಡಾದರೂ ನನ್ನದು ಪುಕ್ಕಲು ಸ್ವಭಾವ. ನನ್ನಿಂದ ಯಾರಿಗಾದರೂ ಏಟಾದರೆ ಎಂಬ ಚಿಂತೆ ಹುಟ್ಟಿದಂದಿನಿಂದ ಬಿಟ್ಟಿಲ್ಲ.

ಪೆನಾಂಗ್ ಬಂದರಿನ ಅಂಗಡಿಯೊಂದರಿಂದ ನನ್ನನ್ನು ಕೊಂಡವರು ಮಂಗಳೂರಿನ ವಿಠಲ ಬಂಗೇರರು. ಹಡಗಿನ ಎಂಜಿನ್ ಕೋಣೆಯಲ್ಲಿ ಅವರ ಕೆಲಸ. ಬಿಡುವಾದಾಗ ಡೆಕ್ಕಿನ ಮೇಲೆ ನಿಂತು ತೈ ಚಿಯ ಯಾಂಗ್ ಪದ್ಧತಿಯ ವರಸೆಗಳನ್ನು ಅಭ್ಯಾಸ ಮಾಡುತ್ತಿದ್ದರು. ಯಾಂಗ್ ಎಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ನಿಧಾನ. ಹಡಗು ಎಷ್ಟೇ ಓಲಾಡಲಿ, ನನ್ನ ತುದಿ ಓಲಾಡಬಾರದೆಂದು ಅವರ ಹಟ. ಕೈಜಾರಿ ಸಮುದ್ರಕ್ಕೆ ಬಿದ್ದರೆ ಗತಿಯೇನೆಂದು, ಕೈಯೇ ಇಲ್ಲದ ನಾನು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ.

ನಿವೃತ್ತರಾದ ಮೇಲೆ ಬಂಗೇರರು ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ಕೆಲವರಿಗೆ ಕಲಿಸತೊಡಗಿದರು. ಅವರ ಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದೆ ಹೋದಾಗ ನನ್ನನ್ನು ಶಿಷ್ಯೆ ಫ್ಲೇವಿಯಾ ಸಿಕ್ವೇರಾರಿಗೆ ಕೊಟ್ಟರು. ಫ್ಲೇವಿಯಾ ಮಕ್ಕಳ ಆಸ್ಪತ್ರೆಯೊಂದರಲ್ಲಿ ನರ್ಸ್. ಹಸುಗೂಸುಗಳ ಕೂದಲೆಳೆಯಂಥ ನರ ಹುಡುಕಿ ಸೂಜಿ ಹಾಕುವುದರಲ್ಲಿ ಅವರದು ಎತ್ತಿದ ಕೈ. ಬೇರೆಯವರು ಸೋತರೆ ಅವರನ್ನೇ ಕರೆಯುತ್ತಿದ್ದರಂತೆ. ಅಂಥ ಕೈಯಲ್ಲಿ ನನಗೂ ಸ್ವಲ್ಪ ನೆಮ್ಮದಿಯಿತ್ತು.

ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. ತೋಳು ಚಾಚಿ, ನನ್ನ ತುದಿಯನ್ನು ಕಣ್ಣಿನ ಮಟ್ಟಕ್ಕೆ ತಂದು, ಒಂದು ದೀರ್ಘ ಉಸಿರಿನಷ್ಟು ಹೊತ್ತು ನಿಲ್ಲಿಸುವ ವರಸೆಯೊಂದಿದೆ. ಒಂದು ಬೆಳಿಗ್ಗೆ ಗಾಳಿಯೇ ಇಲ್ಲದಾಗ ನನ್ನ ಕುಚ್ಚು ಅಲುಗಿತು. ಫ್ಲೇವಿಯಾ ಸುತ್ತ ನೋಡಿದರು. ಮರುದಿನ ಕುಚ್ಚನ್ನೇ ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟರು. ಆದರೆ ತುದಿಯನ್ನು ಬಿಚ್ಚಿಡಲು ಬರುತ್ತದೆಯೇ?

“ಉಸಿರು ಬಿಗಿ ಹಿಡೀಬೇಡಿ ಸಿಸ್ಟರ್, ತುದಿ ಅಲುಗ್ತದೆ,” ಎಂದರು ಬಂಗೇರರು.

ಮುಂದಿನ ವಾರವೇ ಫ್ಲೇವಿಯಾ, “ಚೆನ್ ಪದ್ಧತಿಯನ್ನೂ ಸ್ವಲ್ಪ ಕಲ್ತು ಬರ್ತೇನೆ ಮಾಸ್ಟ್ರೆ,” ಎಂದು ಹೇಳಿ ಪಾರ್ಕಿನ ಆ ಬದಿಗೆ, ನವಾಜ್ ಎಂಬವರ ತರಗತಿಗೆ ಹೋದರು. ಚೆನ್ ತೈ ಚಿಯ ಇನ್ನೊಂದು ಬಗೆ; ಅದರಲ್ಲಿ ನಿಧಾನವಾಗಿ ಸುತ್ತುತ್ತಿದ್ದಂತೆ ತಟ್ಟನೆ ಕಾಲು ಅಪ್ಪಳಿಸಿ ಮುಂದಕ್ಕೆ ತಿವಿಯುತ್ತಾರೆ. ನಿಧಾನದಲ್ಲಿ ಕಾಣುವ ನಡುಕ ಆ ವೇಗದಲ್ಲಿ ಕಾಣಲಿಕ್ಕಿಲ್ಲ ಎಂದು ಫ್ಲೇವಿಯಾರ ಎಣಿಕೆ.

ಕಂಡಿತು. ಆದರೆ ಬೇರೆಯೇ ರೀತಿಯಲ್ಲಿ ಕಂಡಿತು. ಚೆನ್‌ನಲ್ಲಿ ತಿವಿಯುವ ಬಲ ಪಾದದಿಂದ ಸೊಂಟಕ್ಕೆ, ಸೊಂಟದಿಂದ ಕತ್ತಿಗೆ ಹರಿದು ಬರಬೇಕು. ಹಾಗೆ ಬಂದರೆ ತುದಿ ಝಲ್ಲೆಂದು ಅದುರಿ ನಿಲ್ಲುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿದರೂ ಅದು ಎಲ್ಲರಿಗೂ ಒಲಿಯುವುದಿಲ್ಲ. ಫ್ಲೇವಿಯಾ ತಿವಿದಾಗ ನಾನು ಅದುರಿದೆ.

“ಕಂಡ್ರಾ? ಶಕ್ತಿ ತುದಿಗೆ ಬಂದದ್ದು ಅಂದ್ರೆ ಇದು,” ಎಂದರು ನವಾಜ್.

ಫ್ಲೇವಿಯಾರ ಮುಖ ಅರಳಿತು. ಅವರಿಗೆ ಅದನ್ನು ನಂಬಬೇಕಾಗಿತ್ತು, ನಂಬಿದರು. ನನಗೆ ಮಾತ್ರ ನಿಜ ಗೊತ್ತಿತ್ತು. ಈ ಅದುರು ಸೊಂಟದ್ದಲ್ಲ, ಮಣಿಕಟ್ಟಿನದು. ಹೇಳೋಣವೆಂದರೆ ಬಾಯಿಲ್ಲ. ಇಲ್ಲಿಂದ ಅವರು ನೇರ ಆಸ್ಪತ್ರೆಗೆ ಹೋಗುತ್ತಾರೆ, ಅದೇ ಕೈಯಲ್ಲಿ ಸೂಜಿ ಹಿಡಿಯುತ್ತಾರೆ. ನಾನು ಮೊಂಡು, ಸೂಜಿ ಮೊಂಡಲ್ಲ. ದಿನವಿಡೀ ಒರೆಯೊಳಗೆ ನನಗೆ ಅದೇ ಯೋಚನೆ.

ಒಂದು ಭಾನುವಾರ ನವಾಜ್ ಫ್ಲೇವಿಯಾರನ್ನು ಎಲ್ಲರ ಮುಂದೆ ನಿಲ್ಲಿಸಿದರು. ಫ್ಲೇವಿಯಾ ತಿವಿದರು. ನಾನು ಅದುರಿದೆ. ಎದುರು ಸಾಲಿನಲ್ಲಿದ್ದ ಶಿಷ್ಯರೂ ಅದೇ ರೀತಿ ತಿವಿದರು. ಅವರ ಕತ್ತಿಗಳು ಅದುರಲಿಲ್ಲವೆಂದು ಒಬ್ಬೊಬ್ಬರಾಗಿ ಮಣಿಕಟ್ಟು ಕುಣಿಸತೊಡಗಿದರು. ಸಾಲಿಗೆ ಸಾಲೇ ಫ್ಲೇವಿಯಾರ ನಡುಕವನ್ನು ಶ್ರದ್ಧೆಯಿಂದ ಕಲಿಯುತ್ತಿತ್ತು. ಫ್ಲೇವಿಯಾ ಅದನ್ನು ನೋಡುತ್ತಾ ನಿಂತರು. ನನ್ನ ತುದಿ ಅದುರುತ್ತಲೇ ಇತ್ತು.

“ಸಾಕು, ಈಗ ನಿಲ್ಸಿ ಸಿಸ್ಟರ್,” ಎಂದರು ನವಾಜ್ ನಗುತ್ತಾ.

“ನಿಲ್ಲಿಸ್ಲಿಕ್ಕೇ ನೋಡ್ತಾ ಇದ್ದೇನೆ ಸರ್. ನಿಲ್ತಾ ಇಲ್ಲ.”

ನವಾಜರ ನಗು ಮಾಯವಾಯಿತು. ಎದುರಿನ ಕೈಗಳು ಒಂದೊಂದಾಗಿ ಸುಮ್ಮನಾದವು.

ಫ್ಲೇವಿಯಾ ನನ್ನನ್ನು ಒರೆಗೆ ಹಾಕಿ, ಬಂಗೇರರು ಕೂತಿದ್ದ ಬೆಂಚಿಗೆ ನಡೆದರು. “ನಿನ್ನೆ ಒಂದು ಪಾಪುವಿಗೆ ಮೂರು ಸಲ ಚುಚ್ಚಿದೆ ಮಾಸ್ಟ್ರೆ. ನರ ಸಿಕ್ಕುದಿಲ್ಲ ಅಂತ ಅದರ ತಾಯಿಗೆ ಹೇಳಿದೆ. ನರ ಚೆಂದ ಕಾಣ್ತಾ ಇತ್ತು.”

ಬಂಗೇರರು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ಆಮೇಲೆ, “ನಾಳೆ ಡ್ಯೂಟಿ ಉಂಟಾ?” ಎಂದರು.

“ಉಂಟು. ಹೋಗಿ ಮೇಟ್ರನಿಗೆ ಹೇಳ್ತೇನೆ. ಇನ್ನು ಸೂಜಿ ಹಿಡಿಯುದಿಲ್ಲ.”

ಹೇಳಿದರು. ಹಿಡಿಯಲಿಲ್ಲ.

ನನಗೀಗ ವಯಸ್ಸಾಗಿದೆ. ಕಡಲ ಗಾಳಿಗೆ ಮೈಯೆಲ್ಲ ತುಕ್ಕಿನ ಚುಕ್ಕೆ. ಹೆಚ್ಚಿನ ಹೊತ್ತು ಫ್ಲೇವಿಯಾರ ಮನೆಯ ಬಾಗಿಲ ಹಿಂದೆ ಒರಗಿರುತ್ತೇನೆ. ಅವರು ಮತ್ತೆ ಬಂಗೇರರ ನಿಧಾನಕ್ಕೇ ಬಂದಿದ್ದಾರೆ. ತುದಿ ನಡುಗುತ್ತದೆ, ಮಾಸ್ಟ್ರು ಏನೂ ಅನ್ನುವುದಿಲ್ಲ. ಫ್ಲೇವಿಯಾ ಮಾತ್ರೆ ನುಂಗುತ್ತಾರೆ, ನಡುಕ ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ. ಕೈಯೊಂದು ತನ್ನ ಒಡತಿಯ ಮಾತು ಕೇಳದೆ ಹೋಗುವುದನ್ನು ಅಷ್ಟು ಹತ್ತಿರದಿಂದ ನೋಡುವುದು ಕಷ್ಟ. ಪ್ರತಿ ಬೆಳಿಗ್ಗೆ ನನಗೆ ಹೆದರಿಕೆಯಾಗುತ್ತದೆ.

ಮೊನ್ನೆ ಪಾರ್ಕಿನಲ್ಲಿ ಅವರು ಬಂಗೇರರಿಗೆ ಒಂದು ಸಂಗತಿ ಹೇಳಿದರು. ಆಸ್ಪತ್ರೆಯಲ್ಲಿ ಹೊಸ ನರ್ಸ್ ಸೂಜಿ ಹಾಕುವಾಗ ಮಗು ಕಿರುಚಿಕೊಂಡಿತಂತೆ. ಅದನ್ನು ಎತ್ತಿ ಹಿಡಿದುಕೊಳ್ಳಲು ಇವರನ್ನು ಕರೆದರಂತೆ.

“ಕೈ ನಡುಗಲಿಲ್ವಾ?” ಎಂದು ಕೇಳಿದರು ಬಂಗೇರರು.

“ನಡುಗಿತು ಮಾಸ್ಟ್ರೆ. ತೂಗಿದ ಹಾಗೆ ಆಯ್ತೋ ಏನೋ, ಪಾಪು ಅಳು ನಿಲ್ಲಿಸಿತು.”