ಲಾಕ್‌ರಿಂಗ್ ಮುಟ್ಟಬಾರದು

ನನ್ನ ಅಣ್ಣನಿಗೆ ಬಣ್ಣ ಹೊಡೆಯುವುದೊಂದು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಅವನ ಮಗಳು ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಸುದ್ದಿ ಕೇಳಿದ ಗಳಿಗೆಯಲ್ಲೇ ಇದು ಯಾರ ಕೆಲಸವೆಂದು ನಾನು ತೀರ್ಮಾನ ಮಾಡಿಬಿಟ್ಟೆ.

ನಾವು ಕಟ್ಟುವುದು ಫಿಕ್ಸೆಡ್ ಸೈಕಲ್ಲು. ಯಾರೋ ಮೂಲೆಗೆಸೆದ ಹಳೆಯ ಉಕ್ಕಿನ ಫ್ರೇಮು ಹುಡುಕಿ ತಂದು ನಾನು ಬೆಸೆಯುತ್ತೇನೆ, ಅಣ್ಣ ಬಣ್ಣ ಹೊಡೆಯುತ್ತಾನೆ. ಈ ಸೈಕಲ್ಲಿನಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಬ್ರೇಕಿಲ್ಲ; ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿದೇ ವೇಗ ತಗ್ಗಿಸಬೇಕು. ಹಾಗೆ ಒತ್ತಿದಾಗ ಹಿಂದಿನ ಚಕ್ರದ ನಡುವಿನ ಹಬ್ಬಿನ ಮೇಲೆ ಕೂತ ಹಲ್ಲುಚಕ್ರ ಬಿಚ್ಚಿಕೊಳ್ಳದಂತೆ ತಡೆಯುವುದು ಒಂದೇ ಒಂದು ಉಕ್ಕಿನ ಬಳೆ, ಲಾಕ್‌ರಿಂಗು. ಅದರ ಬುದ್ಧಿಯೂ ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಅದಕ್ಕೇ ನಮ್ಮ ಶೆಡ್ಡಿನಲ್ಲಿ ಒಂದು ಕಾನೂನು ಮಾಡಿದ್ದೆ. ಲಾಕ್‌ರಿಂಗನ್ನು ನಾನಲ್ಲದೆ ಯಾರೂ ಮುಟ್ಟಬಾರದು.

ಆಸ್ಪತ್ರೆಯಿಂದ ಮನೆಗೆ ಕರೆತಂದು ಮಲಗಿಸಿದ ಮೇಲೆ ಅತ್ತಿಗೆ ನಮ್ಮಿಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿದಳು.

"ಯಾರ ಕೈಯಿಂದ ಆಯ್ತು ಅಂತ ನಂಗೆ ಗೊತ್ತಾಗ್ಬೇಕು. ಆ ಕೈ ಮುಟ್ಟಿದ ಸೈಕಲ್ ಮೇಲೆ ನನ್ನ ಮಗಳು ಇನ್ನು ಕೂರಲ್ಲ."

ಒಳಗೆ ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿಯನ್ನು ನಾವು ಇನ್ನೂ ಗುಬ್ಬಿ ಎಂದೇ ಕರೆಯುತ್ತೇವೆ. ಅವಳಿಗೆ ಸೈಕಲ್ಲೆಂದರೆ ಪ್ರಾಣ. ಮುಂದಿನ ವರ್ಷದ ರೇಸಿಗೆ ಅವಳ ಮೈಯಳತೆಗೆ ಸರಿಯಾಗಿ ಫ್ರೇಮು ಬೆಸೆದುಕೊಡುವವಳು ನಾನೊಬ್ಬಳೇ.

ನಾನು ದಡದಡ ಮೆಟ್ಟಿಲಿಳಿದು ಶೆಡ್ಡಿಗೆ ಹೋದೆ. ಅಣ್ಣ ಹಿಂದೆಯೇ ಬಂದು, ಏನೂ ಆಗದವನ ಹಾಗೆ ಬ್ರಷ್ ತೊಳೆಯುತ್ತಾ ಕೂತ. ಮೈಯೆಲ್ಲ ಉರಿದುಹೋಯಿತು.

"ಹಬ್ಬಿಗೆ ಪಾಲಿಷ್ ಹಾಕ್ತೀನಿ ಅಂತ ಚಕ್ರ ಬಿಚ್ಚಿದ್ದು ಯಾರು? ನೀನು ತಾನೆ?"

"ನಾನೇ."

"ಆಮೇಲೆ ನಾನು ಹಾಕಿದ ಲಾಕ್‌ರಿಂಗ್ ತೆಗೆದು ಮತ್ತೆ ಹಾಕಿದ್ದೂ ನೀನೇ. ಎಡ ಬಲ ಗೊತ್ತಿಲ್ದೆ ಸಡಿಲ ಮಾಡಿಟ್ಟಿದ್ದೀಯ."

"ಇರ್ಬೋದು."

"ಇರ್ಬೋದು ಅಂದ್ರೇನು? ಹೆತ್ತ ಮಗಳಲ್ವಾ ಅವ್ಳು? ಹೊಟ್ಟೆಗೆ ಅನ್ನ ತಿಂತೀಯೋ ಮಣ್ಣು ತಿಂತೀಯೋ?"

ಬಾಯಿಗೆ ಬಂದಂತೆ ಬೈದೆ. ಅವನು ಬ್ರಷ್ಷಿನ ಕೂದಲು ಬಿಡಿಸುತ್ತಲೇ ಇದ್ದ. ಅವನ ತಪ್ಪನ್ನು ಅವನ ಮೂಗಿಗೇ ಹಿಡಿದು ತೋರಿಸಬೇಕೆಂದು, ಸೊಟ್ಟಗಾದ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರ ಬಿಚ್ಚಿದೆ. ಹಲ್ಲುಚಕ್ರ ಅಲ್ಲಾಡುತ್ತಿತ್ತು. ಲಾಕ್‌ರಿಂಗು ಬರಿಗೈಗೇ ತಿರುಗಿತು.

ಒರೆಸಿ ದೀಪದ ಕೆಳಗೆ ಹಿಡಿದು ನೋಡಿದೆ.

ಲಾಕ್‌ರಿಂಗನ್ನು ಸ್ಪ್ಯಾನರಿನಿಂದ ಬಿಗಿ ಮಾಡಿದ ಮೇಲೆ ಅದರಿಂದ ಹಲ್ಲುಚಕ್ರದವರೆಗೆ ಒಂದು ಕೆಂಪು ಗೆರೆ ಎಳೆಯುವುದು ನನ್ನ ರೂಢಿ. ಯಾರಾದರೂ ಬಿಚ್ಚಿ ಮತ್ತೆ ಹಾಕಿದ್ದರೆ ಆ ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಇರಬೇಕಿತ್ತು. ಇಲ್ಲಿ ಗೆರೆಯೇ ಇರಲಿಲ್ಲ. ತುಂಡೂ ಇಲ್ಲ, ಅಳಿಸಿದ ಗುರುತೂ ಇಲ್ಲ.

ಬುಧವಾರ ನೆನಪಾಯಿತು. ಪಾಲಿಷ್ ಆದ ಹಬ್ಬಿಗೆ ಹೊಸ ಹಲ್ಲುಚಕ್ರ, ಹೊಸ ಲಾಕ್‌ರಿಂಗು ಕೂರಿಸಿ ಬೆರಳಲ್ಲಿ ತಿರುಗಿಸಿದ್ದೆ. ಸ್ಪ್ಯಾನರು ಕೈಗೆ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಅಣ್ಣ ಫ್ರೇಮಿಗೆ ಹೊಡೆದಿದ್ದ ಹಸಿರು ಕಣ್ಣಿಗೆ ಬಿತ್ತು. ನಾನು ಹೇಳಿದ್ದ ಹಸಿರೇ ಅಲ್ಲ ಅದು. ಅವನ ಮುಖಕ್ಕೆ ಸ್ಪ್ಯಾನರು ತೋರಿಸಿಕೊಂಡು ಅರ್ಧ ಗಂಟೆ ಕೂಗಾಡಿ, ಅದನ್ನು ಮೇಜಿನ ಮೇಲೆ ಕುಕ್ಕಿ, ಚಕ್ರವನ್ನು ಹಾಗೆಯೇ ಫ್ರೇಮಿಗೆ ಸಿಕ್ಕಿಸಿ, ಮನೆಗೆ ಹೋಗಿದ್ದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನನ್ನದು ಅದಕ್ಕಿಂತಲೂ ಕಡೆ.

"ಅಣ್ಣಾ, ನೀನು ಇದನ್ನ ಮುಟ್ಟೇ ಇಲ್ಲ."

ಅವನು ತಲೆ ಎತ್ತಲಿಲ್ಲ. "ನಿನ್ನ ಅತ್ತಿಗೆ ಹತ್ರ ನಂದೇ ತಪ್ಪು ಅಂತ ಹೇಳಿ ಆಯ್ತು. ಆಸ್ಪತ್ರೆಯಿಂದ ಬರ್ತಾ ದಾರೀಲೇ ಹೇಳ್ದೆ."

"ಮತ್ತೆ ಬಾಗಿಲಲ್ಲಿ ನಿಂತು ಯಾರ ಕೈ ಅಂತ ಕೇಳಿದ್ದ್ಯಾಕೆ?"

"ನಂಬ್ಲಿಲ್ಲ ಅನ್ಸುತ್ತೆ. ನೀನೂ ಹೂಂ ಅಂದ್ಬಿಡು, ನಂಬ್ತಾಳೆ. ನಾನು ಕೈ ಬಿಟ್ರೆ ಗುಬ್ಬಿಗೆ ಬಣ್ಣ ಇಲ್ಲ, ಅಷ್ಟೇ. ನೀನು ಬಿಟ್ರೆ ಅವಳಿಗೆ ಸೈಕಲ್ಲೇ ಇಲ್ಲ."

"ನನ್ನ ಪಾಪ ಹೊರು ಅಂತ ನಿಂಗೆ ಯಾರು ಹೇಳಿದ್ದು?"

ಅವನ ಮೇಲೆ ಬಂದಷ್ಟು ಸಿಟ್ಟು ಆವತ್ತು ನನಗೆ ನನ್ನ ಮೇಲೂ ಬರಲಿಲ್ಲ. ಇಷ್ಟು ಹೊತ್ತು ನಾನು ಉಗಿಯುತ್ತಿದ್ದರೆ ಒರೆಸಿಕೊಂಡು ಕೂತಿದ್ದನಲ್ಲ. ಲಾಕ್‌ರಿಂಗನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಬೇಡ ಕಣೇ, ಬೇಡ ಎನ್ನುತ್ತಾ ಅವನೂ ಬಂದ.

ಅತ್ತಿಗೆ ಮಗಳಿಗೆ ನೀರು ಕುಡಿಸುತ್ತಿದ್ದಳು. ಲಾಕ್‌ರಿಂಗನ್ನು ಮಂಚದ ಮೇಲಿಟ್ಟೆ.

"ಅಣ್ಣ ಹೇಳಿದ್ದು ಸುಳ್ಳು, ಅತ್ತಿಗೆ. ಇದನ್ನ ಬಿಗಿ ಮಾಡದೆ ಬಿಟ್ಟಿದ್ದು ನಾನು. ಜಗಳದಲ್ಲಿ ಮರೆತೆ. ಅವಳು ಇನ್ನು ನಾನು ಕಟ್ಟಿದ ಸೈಕಲ್ ಹತ್ತೋದು ಬೇಡ."

ಅತ್ತಿಗೆ ಲೋಟ ಕೆಳಗಿಟ್ಟಳು. ಬೈಯುತ್ತಾಳೆಂದು ಕಾದೆ. ಗುಬ್ಬಿ ನೋವಿಗೆ ಹಲ್ಲು ಕಚ್ಚಿಕೊಂಡು ಇತ್ತ ಹೊರಳಿ ಲಾಕ್‌ರಿಂಗನ್ನು ನೋಡಿದಳು.

"ನಂಗೆ ಗೊತ್ತಿತ್ತು, ಅತ್ತೆ."

"ಏನು ಗೊತ್ತಿತ್ತು?"

"ಕೆಂಪು ಗೆರೆ ಇಲ್ಲ ಅಂತ. ಬೆಳಿಗ್ಗೆ ಸೈಕಲ್ ಹೊರಗೆ ತರುವಾಗ್ಲೇ ನೋಡ್ದೆ. ಸ್ಪ್ಯಾನರ್ ಮೇಜಿನ ಮೇಲೇ ಇತ್ತು, ಆದ್ರೆ ಲಾಕ್‌ರಿಂಗ್ ನಾನು ಮುಟ್ಟಬಾರದಲ್ಲ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ನನ್ನ ದನಿ ಆಗಲೇ ಏರಿತ್ತು. ಗುಬ್ಬಿ ಕಣ್ಣು ಮುಚ್ಚಿಕೊಂಡಳು.

"ಹೀಗೆ ಬೈತೀಯ ಅಂತಾನೇ," ಎಂದಳು. "ಸುಮ್ನೆ ಹತ್ಕೊಂಡು ಹೋದೆ."