ಸುಗುಣಾಳ ಎಡಗಣ್ಣು

ಆ ಗುರುವಾರ ಗೋದಾಬಾಯಿಗೆ ಇನ್ನೊಂದು ಹೆಜ್ಜೆ ಎತ್ತಿಡಲೂ ಆಗಿರಲಿಲ್ಲ. ಟಿ. ನಗರದ ಮಕ್ಕಳ ಆರೋಗ್ಯ ಕೇಂದ್ರದಲ್ಲಿ ಮನೆಮನೆಗೆ ಹೋಗಿ ನೋಡಿಬರುವ ನರ್ಸು ಆಕೆ. ಹನ್ನೊಂದು ವರ್ಷದಿಂದ ಅದೇ ಕೆಲಸ. ೧೯೫೮ರ ಆ ಬೇಸಿಗೆಯಲ್ಲಿ ದಡಾರ ಬೀದಿಬೀದಿಗೂ ಹಬ್ಬಿತ್ತು. ಅಂದು ನೋಡಲು ಉಳಿದಿದ್ದದ್ದು ನುಂಗಂಬಾಕ್ಕಂನ ಒಂದೇ ಮನೆ. ಸೋಮವಾರ ಹೋದರಾಯಿತು ಎಂದುಕೊಂಡು ಬಸ್ಸು ಹತ್ತಿಬಿಟ್ಟಳು.

ಮನೆಯೆಂದರೆ ಸಸ್ಯಾಹಾರಿ ಹೋಟೆಲೊಂದರ ಹಿಂದಿನ ಒಂಟಿ ಕೋಣೆ. ಅಲ್ಲಿ ಅಡುಗೆಯ ಶೀನ, ಹೆಂಡತಿ ಸರಸ, ಮೂರು ವರ್ಷದ ಮಗಳು ಸುಗುಣಾ ಇದ್ದರು, ಉಡುಪಿ ಕಡೆಯವರು. ಮಗುವಿಗೆ ದಡಾರ ಇಳಿದು, ಬೇವಿನೆಲೆಯ ನೀರು ಮೂರು ಸಲ ಹಾಕಿ ಆಗಿತ್ತು. ಹಿಂದಿನ ವಾರ ಗೋದಾಬಾಯಿ ಹೋದಾಗ ಮುಸ್ಸಂಜೆ. ಮಗು ಎದುರಿಗಿದ್ದ ಗಂಜಿಯ ಬಟ್ಟಲನ್ನು ತಡಕಾಡುತ್ತಿತ್ತು. ಆಕೆ ಶಾರ್ಕ್ ಮೀನಿನ ಎಣ್ಣೆಯ ಸೀಸೆ ಕೊಟ್ಟು, ದಿನಾ ಕುಡಿಸಲೇಬೇಕು, ತಪ್ಪಿದರೆ ಕಣ್ಣಿಗೇ ಅಪಾಯ ಎಂದು ಎರಡೆರಡು ಸಲ ಹೇಳಿ ಬಂದಿದ್ದಳು.

ಸೋಮವಾರ ಹೋದರೆ ಮಗು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿಕೊಂಡು ಕಣ್ಣೇ ಬಿಡಲೊಲ್ಲದು. ಕಿಟಕಿಯ ಬಳಿ ಎತ್ತಿಕೊಂಡು ಹೋಗಿ ಮೆಲ್ಲಗೆ ರೆಪ್ಪೆ ಬಿಡಿಸಿದಳು. ಬಲಗಣ್ಣಿನ ಕರಿಗುಡ್ಡೆ ಬೆಳ್ಳಗಾಗಿ ಮೆತ್ತಗಾಗಿತ್ತು. ಎಡಗಣ್ಣು ಒಣಗಿ ಮಂಕಾಗಿತ್ತು. ಗೂಡಿನಲ್ಲಿದ್ದ ಸೀಸೆಯಲ್ಲಿ ಎಣ್ಣೆ ಇನ್ನೂ ಕತ್ತಿನ ಮಟ್ಟಕ್ಕೇ ಇತ್ತು.

"ಎಂತ ಮಾಡುದಕ್ಕಾ?" ಎಂದಳು ಸರಸ. "ಒಂದು ಸಲ ಕುಡಿಸಿದೆ. ಊಟಕ್ಕೆ ಕೂತವರಿಗೆ ಮೀನಿನ ವಾಸನೆ ಹೋಯ್ತಂತೆ. ಇನ್ನೊಮ್ಮೆ ಬಂದ್ರೆ ಕೋಣೆ ಖಾಲಿ ಮಾಡಿ ಅಂದ್ರು ಧಣಿಗಳು. ಗುರುವಾರ ನೀವು ಬಂದಾಗ ಕೇಳುವಾ ಅಂತ ಕಾದು ಕೂತಿದ್ದೆ."

ಗೋದಾಬಾಯಿ ತಡಮಾಡಲಿಲ್ಲ. ರಿಕ್ಷಾ ಕರೆಸಿ ತಾಯಿ ಮಗುವನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಅಲ್ಲೇ ಎ ವಿಟಮಿನ್ನಿನ ಇಂಜೆಕ್ಷನ್ ಕೊಡಿಸಿದರು. ಅರೆಹೊಟ್ಟೆಯ ಮಕ್ಕಳ ಮೈಯಲ್ಲಿ ಅದು ಇರುವುದೇ ಅಷ್ಟಿಷ್ಟು, ದಡಾರ ಬಂದರೆ ಅದೂ ಬರಿದಾಗುತ್ತದೆ ಎಂದರು. ಬಲಗಣ್ಣು ಹೋಯಿತು, ಎಡಗಣ್ಣು ಬಹುಶಃ ಉಳಿದೀತು, ಆದರೆ ಎಣ್ಣೆ ತಪ್ಪಬಾರದು. ಹೊರಗೆ ಬೆಂಚಿನ ಮೇಲೆ ಕೂತು ಗೋದಾಬಾಯಿ ಸರಸಳಿಗೆ ನಿಜ ಹೇಳಿದಳು. ಆ ಗುರುವಾರ ತನ್ನ ಮನೆಯಲ್ಲಿ ಯಾರಿಗೂ ಕಾಯಿಲೆಯಿರಲಿಲ್ಲ, ಮಳೆಯಿರಲಿಲ್ಲ. ದಣಿವಾಗಿತ್ತು, ಬರಲಿಲ್ಲ, ಅಷ್ಟೆ. ಸರಸ ಮಗುವಿನ ಕಣ್ಣಿನ ಪಟ್ಟಿಯನ್ನು ಸರಿಮಾಡುತ್ತ ಕೂತಿದ್ದಳು.

"ದಿನಾ ಬೆಳಿಗ್ಗೆ ನಮ್ಮನೆಗೆ ಕರ್ಕೊಂಡು ಬಾಮ್ಮ," ಎಂದಳು ಗೋದಾಬಾಯಿ. "ನಾನೇ ಕುಡಿಸ್ತೀನಿ."

ಮನೆಯಲ್ಲಿ ತಾಯಿ ಜಾನಕಮ್ಮನದು ಕಟ್ಟುನಿಟ್ಟಾದ ಮಡಿ. ಮಗಳು ಕೆಲಸದಿಂದ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಸುದ್ದಿ ಕೇಳಿ, "ಮೀನೆಣ್ಣೇನ ನಮ್ಮ ಜಗಲಿ ಮೇಲೇ ಕುಡಿಸ್ಬೇಕೇನೇ?" ಎಂದರು.

"ಹೌದಮ್ಮ, ಇಲ್ಲೇ," ಎಂದಳು ಗೋದಾಬಾಯಿ. ವಾದ ಮಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ. ತಾಯಿ ಅವಳ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಮರುದಿನದಿಂದ ಆ ಹೊತ್ತಿಗೆ ಜಗಲಿಯ ಬಾಗಿಲು ಒಳಗಿನಿಂದ ಮುಚ್ಚಿರುತ್ತಿತ್ತು. ಬೇಡವೆಂದು ಮಾತ್ರ ಜಾನಕಮ್ಮ ಹೇಳಲಿಲ್ಲ.

ಮೊದಮೊದಲು ಮಗು ಉಗಿಯಿತು, ಗೋದಾಬಾಯಿಯ ಕೈ ಕಚ್ಚಿತು. ಆಮೇಲೆ ಅದಕ್ಕೂ ಸಾಕಾಯಿತೇನೋ, ತಾನಾಗಿ ಬಾಯಿ ತೆರೆಯತೊಡಗಿತು. ತಿಂಗಳು ತುಂಬುವಷ್ಟರಲ್ಲಿ ಎಡಗಣ್ಣು ತಿಳಿಯಾಯಿತು. ಮಂದ ಬೆಳಕಿನಲ್ಲೂ ಮಗು ತಾಯಿಯ ಸೆರಗನ್ನು ನೇರ ಹೋಗಿ ಹಿಡಿಯುತ್ತಿತ್ತು.

ಕೊನೆಯ ದಿನ ಸರಸ ಕೈಮುಗಿದಳು. ಆ ಮುಗಿದ ಕೈಗಳನ್ನು ನೋಡಲಾಗದೆ ಗೋದಾಬಾಯಿ ಸೀಸೆ ತೊಳೆಯಲು ತಿರುಗಿದಳು. ಮೆಟ್ಟಿಲಿಳಿಯುವಾಗ ಸುಗುಣಾ ಬಲಕ್ಕೆ ಎಡವಿತು. ಸರಸ ಅದನ್ನು ಹಿಡಿದು ನಿಲ್ಲಿಸಿ, ತಾನು ಕಣ್ಣು ಕಾಣದ ಬದಿಗೆ ಬಂದು, ಅದರ ಬಲಗೈ ಹಿಡಿದುಕೊಂಡು ಬೀದಿಗಿಳಿದಳು.